ಎರಡು ಕಾರ್ಬುರೇಟರ್, ಒಂದೇ ಉಸಿರು: ಹಳೆಯ ಎಂಜಿಬಿಯನ್ನು ಟ್ಯೂನ್ ಮಾಡುವುದು ಹೀಗೆ

ಇಂಗ್ಲೆಂಡಿನ ಎಂಜಿಬಿ ಕಾರು ಬಂದಿದ್ದು 1962ರಲ್ಲಿ. 1798 ಸಿಸಿ ಎಂಜಿನ್, ಸಾಲಾಗಿ ನಾಲ್ಕು ಸಿಲಿಂಡರ್. ಆರಂಭದ ಮಾಡೆಲ್‌ಗಳಲ್ಲಿ ಎಸ್‌ಯು ಕಂಪನಿಯ ಎಚ್‌ಎಸ್4 ಮಾದರಿಯ ಎರಡು ಕಾರ್ಬುರೇಟರ್ (ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಭಾಗ) ಇರುತ್ತವೆ. ಇವೆರಡೂ ಒಂದೇ ಸಮ ಗಾಳಿ ಎಳೆಯದಿದ್ದರೆ ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತಲ್ಲೇ ಓಡುವಾಗ, ಎಂಜಿನ್ ನಡುಗುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ.

ಮೊದಲೇ ಕಾರ್ಬುರೇಟರ್‌ಗೆ ಕೈ ಹಾಕಬೇಡಿ. ಎಂಜಿನ್ ತಣ್ಣಗಿರುವಾಗ ವಾಲ್ವ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) 0.38 ಮಿ.ಮೀ. ಇಡಿ. ಪ್ಲಗ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್), ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿ. ಇಗ್ನಿಷನ್ ಸರಿಯಿಲ್ಲದೆ ಕಾರ್ಬುರೇಟರ್ ತಿರುಗಿಸಿದರೆ ಶ್ರಮ ವ್ಯರ್ಥ.

ಈಗ ಏರ್ ಫಿಲ್ಟರ್ ಬಿಚ್ಚಿ, ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನು (ಗಾಳಿಯ ಎಳೆತಕ್ಕೆ ಏರಿಳಿಯುವ ಭಾಗ) ಬೆರಳಿನಿಂದ ಎತ್ತಿ ಬಿಡಿ. 'ಟಕ್' ಎಂದು ಕೂತರೆ ಸರಿ. ಸದ್ದಿಲ್ಲದೆ ಸಿಕ್ಕಿಕೊಂಡರೆ ಬಿಚ್ಚಿ, ಪೆಟ್ರೋಲ್‌ನಲ್ಲಿ ತೊಳೆಯಿರಿ. ಆದರೆ ಒಂದರ ಪಿಸ್ಟನ್ ಇನ್ನೊಂದಕ್ಕೆ ಹಾಕಬೇಡಿ. ಪ್ರತಿ ಪಿಸ್ಟನ್ನೂ ಅದರ ಮೇಲಿನ ಗುಮ್ಮಟದಂಥ ಮುಚ್ಚಳವೂ ಹುಟ್ಟು ಜೋಡಿ. ಮೇಲಿನ ಡ್ಯಾಂಪರ್‌ಗೆ (ಪಿಸ್ಟನ್ ತೀರಾ ಬೇಗ ಏಳದಂತೆ ತಡೆಯುವ ಭಾಗ) 20 ನಂಬರಿನ ಎಂಜಿನ್ ಆಯಿಲ್ ತುಂಬಿಸಿ.

ಕಾರ್ಬುರೇಟರ್ ಅಡಿಯಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವ ಎರಡೂ ಜೆಟ್ ನಟ್‌ಗಳನ್ನು ಪೂರ್ತಿ ಮೇಲಕ್ಕೆ ಹತ್ತಿಸಿ, ಅಲ್ಲಿಂದ ಎರಡು ಸುತ್ತು ಇಳಿಸಿ. ಎರಡು ಕಾರ್ಬುರೇಟರ್‌ಗಳನ್ನು ಜೋಡಿಸುವ ಥ್ರಾಟಲ್ (ಗಾಳಿ ಬಿಡುವ ಬಾಗಿಲು) ರಾಡ್ ಮತ್ತು ಚೋಕ್ (ತಣ್ಣಗಿರುವಾಗ ಪೆಟ್ರೋಲ್ ಹೆಚ್ಚಿಸುವ ವ್ಯವಸ್ಥೆ) ರಾಡ್‌ನ ಕ್ಲಾಂಪ್ ಸಡಿಲಿಸಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬಯಲಲ್ಲಿ ಸ್ಟಾರ್ಟ್ ಮಾಡಿ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಫ್ಯಾನಿನ ಹತ್ತಿರ ಕೈ, ಬಟ್ಟೆ ಹೋಗದಂತೆ ಜಾಗ್ರತೆ.

ಇಲ್ಲಿ ಕ್ರಮ ಮುಖ್ಯ. ಮೊದಲು ಗಾಳಿ, ಆಮೇಲೆ ಪೆಟ್ರೋಲ್.

ಒಂದು ರಬ್ಬರ್ ಟ್ಯೂಬಿನ ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರ್ಬುರೇಟರ್ ಬಾಯಿಯ ಹತ್ತಿರ ಹಿಡಿಯಿರಿ. 'ಸ್‌ಸ್' ಎಂಬ ಸದ್ದು ಕೇಳುತ್ತದೆ. ಎರಡನೆಯದರಲ್ಲೂ ಅದೇ ಜಾಗದಲ್ಲಿ ಹಿಡಿದು ಕೇಳಿ. ಸದ್ದು ಜಾಸ್ತಿ ಇದ್ದ ಕಡೆ ಐಡ್ಲಿಂಗ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಕಡಿಮೆ ಇದ್ದ ಕಡೆ ಬಿಗಿಮಾಡಿ. ಅವಸರ ಬೇಡ. ಹತ್ತು ನಿಮಿಷ ಕೇಳಿದರೆ ಕಿವಿಗೆ ತಾನಾಗೇ ವ್ಯತ್ಯಾಸ ಗೊತ್ತಾಗುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಹೊತ್ತೆಂದರೆ ಇದೇ.

ಈಗ ಮಿಕ್ಸ್ಚರ್, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣ. ಕಾರ್ಬುರೇಟರ್ ಪಕ್ಕದ ಸಣ್ಣ ಪಿನ್ ಒತ್ತಿ ಪಿಸ್ಟನ್ನನ್ನು 0.8 ಮಿ.ಮೀ.ನಷ್ಟು ಮಾತ್ರ ಎತ್ತಿ. ಜಾಸ್ತಿ ಎತ್ತಿದರೆ ಎಂಜಿನ್ ಹೇಗೂ ನಿಲ್ಲುತ್ತದೆ, ಏನೂ ತಿಳಿಯುವುದಿಲ್ಲ. ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿಯಾಗಿದೆ, ಜೆಟ್ ನಟ್ ಮೇಲೇರಿಸಿ. ಎಂಜಿನ್ ಕುಸಿದರೆ ಪೆಟ್ರೋಲ್ ಕಡಿಮೆ, ಇಳಿಸಿ. ಒಂದು ಕ್ಷಣ ಏರಿ ಮೊದಲಿನಂತಾದರೆ ಸರಿ. ನಟ್‌ಗೆ ಆರು ಮುಖ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ. ಒಂದನ್ನು ಬದಲಿಸಿದರೆ ಇನ್ನೊಂದರ ಮೇಲೂ ಪರಿಣಾಮವಾಗುತ್ತದೆ. ಹಾಗಾಗಿ ಎರಡನ್ನೂ ಮತ್ತೆ ನೋಡಿ, ಗಾಳಿಯ ಸದ್ದನ್ನೂ ಇನ್ನೊಮ್ಮೆ ಕೇಳಿ.

ಕ್ಲಾಂಪ್‌ಗಳನ್ನು ಬಿಗಿಮಾಡಿ. ಎಂಜಿನ್ ನಿಮಿಷಕ್ಕೆ ಸುಮಾರು 1500 ಸುತ್ತಿನ ವೇಗದಲ್ಲಿರುವಾಗ ಟ್ಯೂಬ್ ಹಿಡಿದು ನೋಡಿ. ಐಡ್ಲಿಂಗ್‌ನಲ್ಲಿ ಸಮ ಇದ್ದು ಇಲ್ಲಿ ತಪ್ಪಿದರೆ, ಎರಡೂ ಥ್ರಾಟಲ್ ಒಟ್ಟಿಗೆ ತೆರೆಯುತ್ತಿಲ್ಲ ಎಂದರ್ಥ. ಕ್ಲಾಂಪ್ ಸಡಿಲಿಸಿ ಮತ್ತೆ ಕೂರಿಸಿ.

ಏರ್ ಫಿಲ್ಟರ್ ಹಾಕಿ ಒಂದು ಸುತ್ತು ಓಡಿಸಿ ಬನ್ನಿ. ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ನಾಲ್ಕೂ ತಿಳಿ ಕಂದು ಬಣ್ಣಕ್ಕಿರಬೇಕು. ಮುಂದಿನ ಎರಡು ಮಾತ್ರ ಮಸಿ ಹಿಡಿದಿದ್ದರೆ ಮುಂದಿನ ಕಾರ್ಬುರೇಟರ್‌ನ ನಟ್ಟನ್ನು ಒಂದು ಮುಖ ಮೇಲೇರಿಸಿ.