ಹಲ್ಲು ಕಿತ್ತ ಕುರ್ಚಿಯಲ್ಲೇ ಸೆಟ್: ಸಿಂಧನೂರಿನಲ್ಲಿ ನಾನು ಮಾಡಿದ್ದು

ಹಲ್ಲು ಕಿತ್ತ ದಿನವೇ ಕಟ್ಟಿಸುವ ಹಲ್ಲಿನ ಸೆಟ್ ಕೂರಿಸುತ್ತೇನೆ ಎಂದಾಗ ನಮ್ಮ ದಂತವೈದ್ಯರು ಯಾರೂ ಒಪ್ಪಲಿಲ್ಲ. 'ಮೂರು ತಿಂಗಳು ಬಿಡು, ಗಾಯ ಮಾಯಲಿ. ಈಗಲೇ ಕೊಟ್ಟರೆ ಆರು ತಿಂಗಳಲ್ಲಿ ಸಡಿಲಾಗುತ್ತೆ, ಪೇಷಂಟ್ ಜಗಳಕ್ಕೆ ಬರ್ತಾರೆ' ಎಂದರು. ಸಡಿಲಾಗುವುದು ನಿಜ. ಮೂಳೆ ಕರಗುತ್ತದೆ, ಸೆಟ್ ಅಲ್ಲಾಡುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ ಅಲ್ವಾ? ಜಗಳ ಮಾತ್ರ ದುಡ್ಡಿನಿಂದ ಹುಟ್ಟುತ್ತದೆ. ಅದನ್ನು ಸರಿಮಾಡಿಕೊಂಡ ಮೇಲೆ ನನಗೆ ಈ ಕೆಲಸದಲ್ಲಿ ಒಬ್ಬರೂ ಎದುರು ಬಿದ್ದಿಲ್ಲ. ಆಗ ಬೇಡ ಎಂದವರೇ ಈಗ ನನ್ನ ಹತ್ತಿರ ಕೇಸ್ ಕಳಿಸುತ್ತಾರೆ.

ಮೊದಲು ಮಾಡಿದ್ದು ಎಪಿಎಂಸಿಯ ದಲ್ಲಾಲಿಯೊಬ್ಬರಿಗೆ. ಮೇಲಿನ ಹಲ್ಲೆಲ್ಲ ಅಲ್ಲಾಡುತ್ತಿದ್ದವು, ಭತ್ತದ ಸೀಜನ್ ಎದುರಿಗಿತ್ತು. "ಡಾಕ್ಟ್ರ, ಬೋಳು ಬಾಯಿ ಇಟ್ಕೊಂಡು ಮೂರು ತಿಂಗಳು ಅಂಗಡ್ಯಾಗ ಹೆಂಗ ಕುಂದ್ರಲ್ರಿ? ನಾ ಹೇಳೋ ರೇಟು ರೈತರಿಗೆ ತಿಳೀಬೇಕಲ್ರಿ" ಎಂದರು. ಅವರ ಕಷ್ಟ ನನಗೆ ಅರ್ಥವಾಯಿತು.

ಹಿಂದಿನ ಹಲ್ಲು ಮೊದಲು ಕಿತ್ತು ಆರೆಂಟು ವಾರ ಬಿಡುತ್ತೇನೆ. ಮುಂದಿನ ಆರು ಹಲ್ಲು ಹಾಗೇ ಇರುತ್ತವೆ, ಅವನ್ನು ಕೀಳುವುದು ಸೆಟ್ ಕೂರಿಸುವ ದಿನವೇ. ಮುಖವೂ ಬೀಳಲ್ಲ, ಬೈಟ್, ಅಂದರೆ ಮೇಲಿನ ಕೆಳಗಿನ ದವಡೆ ಕಚ್ಚುವ ರೀತಿ, ತೆಗೆಯಲು ಅಳತೆಯೂ ಸಿಗುತ್ತದೆ. ತೊಂದರೆ ಶುರುವಾಗುವುದು ಅಚ್ಚು ತೆಗೆಯುವಾಗ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಲ್ಲಿ ನೀರಲ್ಲಿ ಅಚ್ಚು ತೆಗೆಯುವ ಪುಡಿ ಆಲ್ಜಿನೇಟ್ ಕಲಸಿದರೆ ಟ್ರೇ ಬಾಯಿಗೆ ಹೋಗುವ ಮೊದಲೇ ಗಟ್ಟಿ. ಫ್ರಿಜ್ ನೀರು ಬೇಕು, ಬೌಲನ್ನೂ ಫ್ರಿಜ್‌ನಲ್ಲಿಡಬೇಕು. ಅಲ್ಲಾಡುವ ಹಲ್ಲಿನ ಬುಡದ ಸಂದಿಗೆ ವ್ಯಾಕ್ಸ್ ತುಂಬಿ ವ್ಯಾಸಲಿನ್ ಸವರಿ. ಇಲ್ಲದಿದ್ದರೆ ಟ್ರೇ ಜೊತೆ ಹಲ್ಲೂ ಕೈಗೆ ಬರುತ್ತದೆ. ಅಚ್ಚು ಹೊರಬಂದ ಕೂಡಲೇ ಅದಕ್ಕೆ ಸ್ಟೋನ್ (ಗಟ್ಟಿಯಾಗುವ ಜಿಪ್ಸಮ್) ಹುಯ್ದುಬಿಡಿ. ಒಣಗಿದ ಆಲ್ಜಿನೇಟ್ ಕುಗ್ಗುತ್ತದೆ.

ಜಾಸ್ತಿ ದುಡ್ಡು ಕಳೆದದ್ದು ಲ್ಯಾಬ್‌ನಿಂದ. ಹೊರಗಿನ ಊರಿನ ಒಂದು ಲ್ಯಾಬ್‌ಗೆ ಬಸ್ ಪಾರ್ಸೆಲ್ ಹಾಕುತ್ತಿದ್ದೆ. ಬೇಸಿಗೆಯಲ್ಲಿ ವ್ಯಾಕ್ಸ್‌ನಲ್ಲಿ ಹಲ್ಲು ಜೋಡಿಸಿದ ಟ್ರೈಯಲ್ ಸೆಟ್ ವಾಪಸ್ ಬಂದಾಗ ವ್ಯಾಕ್ಸ್ ಮೆತ್ತಗಾಗಿ ಬಲಗಡೆಯ ದವಡೆ ಹಲ್ಲೆಲ್ಲ ಕೆಳಗೆ ಜಾರಿದ್ದವು. ಮತ್ತೊಮ್ಮೆಯೂ ಅದೇ ಕತೆ. ಸುಮಾರು 6,000 ರೂಪಾಯಿ ನೀರಲ್ಲಿ ಹೋಯಿತು. ಆಮೇಲೆ ಸೆಟ್ ಅಚ್ಚು ಹಾಕುವ ಫ್ಲಾಸ್ಕ್, ಕ್ಲಾಂಪ್, ಪಾಲಿಶ್ ಮೋಟರು ಎಲ್ಲ ಸೇರಿ 35-40 ಸಾವಿರಕ್ಕೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲೇ ಲ್ಯಾಬ್ ಹಾಕಿಸಿದೆ, ಅದರಲ್ಲಿ ಅರ್ಧ ಸೆಕೆಂಡ್ ಹ್ಯಾಂಡ್. ಟೆಕ್ನಿಷಿಯನ್ ಹುಡುಗ ಅರ್ಧ ದಿನ ಬಂದು ಹೋಗುತ್ತಾನೆ.

ಕ್ಯೂರಿಂಗ್‌ಗೆ, ಅಂದರೆ ಸೆಟ್‌ನ ಅಕ್ರಿಲಿಕ್ ಬಿಸಿ ನೀರಲ್ಲಿ ಗಟ್ಟಿ ಮಾಡುವುದಕ್ಕೆ, ಕರೆಂಟ್ ನಂಬಬೇಡಿ. ನಡುವೆ ಕರೆಂಟ್ ಹೋಗಿ ಮತ್ತೆ ಬಂದರೆ ಬಿಸಿ ಏರುಪೇರಾಗುತ್ತದೆ. ದಪ್ಪ ಇರುವ ಕಡೆ ಸಣ್ಣ ಸಣ್ಣ ತೂತು ಬಿದ್ದ ಸೆಟ್ ನನ್ನ ಹತ್ತಿರ ಇನ್ನೂ ಇದೆ. ಪ್ರೆಶರ್ ಕುಕ್ಕರ್‌ನಲ್ಲಿ ಮಾಡಿ ನೋಡಿದೆ, ಬಿಸಿ ಹಿಡಿತಕ್ಕೆ ಬರಲಿಲ್ಲ. ಈಗ ಗ್ಯಾಸ್ ಮೇಲೆ ದೊಡ್ಡ ಪಾತ್ರೆ, ಒಳಗೆ ಥರ್ಮಾಮೀಟರ್. 74 ಡಿಗ್ರಿಯಲ್ಲಿ ಎರಡು ಗಂಟೆ, ಆಮೇಲೆ ಒಂದು ಗಂಟೆ ಕುದಿ. ಅದೇ ನೀರಲ್ಲಿ ತಾನಾಗೇ ಆರಬೇಕು. ಒಬ್ಬರು ಪಕ್ಕದಲ್ಲೇ ನಿಂತಿರಬೇಕು, ಅಷ್ಟೇ.

ಕ್ಯಾಸ್ಟ್ (ಸ್ಟೋನ್ ಹುಯ್ದು ಬಂದ ಬಾಯಿಯ ಮಾದರಿ) ಮೇಲೆ ಮುಂಹಲ್ಲು ಒಟ್ಟಿಗೇ ಕಡಿಯುವುದಿಲ್ಲ. ಒಂದು ಕಡಿದು ಆ ಜಾಗಕ್ಕೆ ಒಂದು ಕೂರಿಸಿ, ಆಮೇಲೆ ಇನ್ನೊಂದು. ಹಾಗೆ ಮಾಡಿದರೆ ಅವರ ನಗು ಅವರದೇ ಆಗಿ ಉಳಿಯುತ್ತದೆ. ಒಸಡಿನ ಅಂಚಿನಲ್ಲಿ ಸ್ಟೋನ್ ಎಷ್ಟು ಕೆರೆಯಬೇಕು ಎನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ.

ಬಣ್ಣದ ಮಾತು ಹೇಳಲೇಬೇಕು. ಮಾನ್ವಿ, ಲಿಂಗಸುಗೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲು ಕಂದು. ಅಂಥವರಿಗೆ ಬೆಳ್ಳನೆಯ ಹಲ್ಲು ಕೂರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಒಬ್ಬ ಅಮ್ಮ "ನನ್ನ ಹಲ್ಲಿನಂಗ ಮಾಡಿಕೊಡಪ್ಪ, ಮಂದಿ ಕೇಳಬಾರದು" ಎಂದರು. ಹಲ್ಲಿನ ಬಣ್ಣ ನೋಡುವ ಶೇಡ್ ಗೈಡ್‌ನಲ್ಲಿ ಕಡು ಬಣ್ಣದ ಎ4 ತನಕ ಹೋದರೂ ಹೊಂದಲಿಲ್ಲ. ಹಳೆಯ ಫೋಟೊ ಎದುರಿಟ್ಟುಕೊಂಡು ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಗೆರೆ ಕೊರೆದು ಕಂದು ಸ್ಟೇನ್ ತುಂಬಿದೆ. ಕನ್ನಡಿ ನೋಡಿ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದನ್ನೇ ಬಿಟ್ಟರು. ನಾನು ಮಾಡಿದ ಕೆಲಸದಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ.

ಕೀಳುವ ದಿನದ ಕೆಲಸ ಸಲೀಸು. ಶುಗರ್, ಬಿಪಿ ಹಿಂದಿನ ವಾರವೇ ಫಿಜಿಷಿಯನ್ ನೋಡಿರಬೇಕು. ಹಲ್ಲು ಮೆಲ್ಲಗೆ ತೆಗೆಯಿರಿ, ಮೂಳೆ ಒಡೆಯಬಾರದು. ಸೆಟ್‌ಗೆ ಮೊದಲು ಅದರದೇ ಆಕಾರದ ಪಾರದರ್ಶಕ ಅಕ್ರಿಲಿಕ್ ಟೆಂಪ್ಲೇಟ್ ಒತ್ತಿ ನೋಡುತ್ತೇನೆ. ಒಸಡು ಬಿಳಿಚಿಕೊಂಡ ಜಾಗದಲ್ಲಿ ಮೂಳೆ ಸ್ವಲ್ಪ ಉಜ್ಜಿ, ಹೊಲಿಗೆ ಹಾಕಿ, ಕ್ಲೋರ್‌ಹೆಕ್ಸಿಡಿನ್ ಕ್ರಿಮಿನಾಶಕದಲ್ಲಿ ನೆನೆದ ಸೆಟ್ ತೊಳೆದು ಕೂರಿಸುವುದು.

ಕೆಲಸ ಕೆಡುವುದು ಅದೇ ರಾತ್ರಿ. 24 ಗಂಟೆ ತೆಗೆಯಬೇಡಿ ಎಂದರೂ ನೋವಿಗೆ ತೆಗೆದು ತೊಳೆದಿಡುತ್ತಾರೆ. ಬೆಳಗಾಗುವುದರೊಳಗೆ ಊತ ಬಂದು ಸೆಟ್ ಹೋಗುವುದೇ ಇಲ್ಲ. ಅದಕ್ಕೆ ಈಗ ದೂರದವರಿಗೆ ಸಿಂಧನೂರಲ್ಲೇ ನೆಂಟರ ಮನೆಯಲ್ಲಿ ಉಳಿಯಲು ಹೇಳುತ್ತೇನೆ. ಮಾತೆಲ್ಲ ಮಗ ಅಥವಾ ಸೊಸೆಯ ಎದುರಿಗೇ. ತಣ್ಣಗಿನ ಅಂಬಲಿ, ಮೊಸರನ್ನ ಸಾಕು, ಗುಟ್ಕಾ ಮುಟ್ಟುವಂತಿಲ್ಲ. ರಾತ್ರಿ ಒಂಬತ್ತಕ್ಕೆ ನಾನೇ ಫೋನ್ ಮಾಡುತ್ತೇನೆ. ಮರುದಿನ ಮೊದಲ ಸಲ ಸೆಟ್ ತೆಗೆಯುವುದು ನನ್ನ ಕೈಯೇ. ಕೆಂಪಗಾದ ಕಡೆ ಒತ್ತುವ ಜಾಗ ತೋರಿಸುವ ಪೇಸ್ಟ್ ಹಚ್ಚಿ ನೋಡಿ ಸೆಟ್ ಉಜ್ಜಿದರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ.

ಇನ್ನು ದುಡ್ಡು. ಮೇಲೆ ಕೆಳಗೆ ಸೇರಿ 16,000ದ ಆಸುಪಾಸು ತೆಗೆದುಕೊಳ್ಳುತ್ತೇನೆ. ಅದರಲ್ಲೇ ಸಡಿಲಾದ ಸೆಟ್‌ನ ಒಳಗೆ ಹಾಕುವ, ಮೊದಲ ತಿಂಗಳುಗಳ ಮೆತ್ತನೆ ಲೈನರ್ ಮತ್ತು ಆರೆಂಟು ತಿಂಗಳಿಗೆ ಮಾಡುವ ಗಟ್ಟಿ ರಿಲೈನ್ (ಒಳಪದರ) ಎರಡೂ ಸೇರಿವೆ. 'ಈ ಸೆಟ್ ಸಡಿಲಾಗುತ್ತದೆ, ಸರಿ ಮಾಡಿಕೊಡುತ್ತೇವೆ, ಬೇರೆ ದುಡ್ಡಿಲ್ಲ' ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸುತ್ತೇನೆ. 12,000ಕ್ಕೆ ಕೊಟ್ಟು ಆಮೇಲೆ ರಿಲೈನ್‌ಗೆ 2,500 ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಖರ್ಚು ಕಳೆದು ನನಗೆ ಆರೇಳು ಸಾವಿರ ಉಳಿಯುತ್ತದೆ. ಪೇಷಂಟ್ ಎಷ್ಟು ಸಲ ಬಂದು ಕೂರುತ್ತಾರೆ ಎಂದು ಲೆಕ್ಕ ಹಾಕಿದರೆ ಕಡಿಮೆಯೇ. ಆದರೆ ಸುತ್ತಲಿನ ವಲಸೆ ರೈತರ ಕ್ಯಾಂಪುಗಳಿಂದ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ದಲ್ಲಾಲಿಯವರೇ ಎಷ್ಟೋ ಜನರನ್ನು ಕಳಿಸಿದ್ದಾರೆ. ಅವರು ಮೂರನೇ ತಿಂಗಳಿಗೇ ಖಡಕ್ ರೊಟ್ಟಿ ಸಾರಿಗೆ ಅದ್ದಿ ತಿನ್ನುತ್ತಿದ್ದರು.

ಕೆಳಗಿನ ಸೆಟ್ ಇನ್ನೂ ಕಾಡುತ್ತದೆ, ಹಿಡಿತವೇ ಸಿಗಲ್ಲ. ಅದಕ್ಕೆ ಕೋರೆಹಲ್ಲು ಎರಡು ಗಟ್ಟಿ ಇದ್ದರೆ ಈಗ ಕೀಳುವುದಿಲ್ಲ. ರೂಟ್ ಕೆನಾಲ್ ಮಾಡಿ, ಒಸಡಿನ ಮಟ್ಟಕ್ಕೆ ಕತ್ತರಿಸಿ, ಅದರ ಮೇಲೆ ಸೆಟ್ ಕೂರಿಸುತ್ತಿದ್ದೇನೆ. ಮೂಳೆ ಉಳಿಯುತ್ತದೆ, ಸೆಟ್ ಜಾರುವುದಿಲ್ಲ. ಮೂರು ಸಾವಿರ ಜಾಸ್ತಿ ಆಗುತ್ತದೆ. ಒಬ್ಬರಿಗೆ ಮಾತ್ರ ಆ ಬೇರಿನ ಮೇಲೆ ಹುಳುಕು ಶುರುವಾಗಿತ್ತು. ಈಗ ಎಲ್ಲರಿಗೂ ದಿನಾ ಬೇರು ಬ್ರಷ್ ಮಾಡಲು ಕಲಿಸಿ, ಆರು ತಿಂಗಳಿಗೊಮ್ಮೆ ಕರೆಸುತ್ತಿದ್ದೇನೆ.