ಬಂದೋಬಸ್ತ್ ಡ್ಯೂಟಿಯಲ್ಲೂ ಮೈ ಗಟ್ಟಿಯಾಗಿ ಇಟ್ಟುಕೊಳ್ಳೋದು ಹೇಗೆ?

ದಸರಾ ಬಂದೋಬಸ್ತ್‌ಗೆ ಹಾಕಿದರೆ ಬೆಳಗ್ಗೆ ಬ್ಯಾರಿಕೇಡ್ ಪಕ್ಕ ನಿಂತವರು ರಾತ್ರಿವರೆಗೂ ಅಲ್ಲೇ. ದಿನವಿಡೀ ನಿಂತಿರ್ತೀವಲ್ಲ, ಇನ್ಯಾಕೆ ವ್ಯಾಯಾಮ ಅಂತ ಎಷ್ಟೋ ಪೊಲೀಸರು ಕೇಳುತ್ತಾರೆ. ಆದರೆ ನಿಲ್ಲೋದು ಬೇರೆ, ನಡೆಯೋದು ಬೇರೆ. ಸುಮ್ನೆ ನಿಂತರೆ ರಕ್ತ ಕಾಲಲ್ಲೇ ಇಳಿದು ನಿಲ್ಲುತ್ತದೆ. ಮೀನಖಂಡ ಬಿಗಿದಾಗ ಅದನ್ನು ಮೇಲಕ್ಕೆ ತಳ್ಳುತ್ತದೆ.

ಅದಕ್ಕೇ ಅರ್ಧ ಗಂಟೆಗೊಮ್ಮೆ, ಬೂಟು ಹಾಕಿಕೊಂಡೇ, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಎರಡು ಎಣಿಸಿ, ನಿಧಾನಕ್ಕೆ ಇಳಿಸಿ. 20 ಸಲ. ಬೂಟಿನೊಳಗೆ ಬೆರಳು ಆಡಿಸಿ. ಹೊಸ ಬೂಟನ್ನು ಸಂಜೆ ಹೊತ್ತು ಹಾಕಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಜೊತೆಗೆ 2 ದಿನ ಬಸ್ಕಿ, ದಂಡ. ಒಂದೇ ಸಲ ಆಗಬೇಕಿಲ್ಲ, ಹತ್ತತ್ತು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ನೀರಿನ ವಿಷಯ ಹೇಳಲೇಬೇಕು. ಎಷ್ಟೋ ಮಹಿಳಾ ಸಿಬ್ಬಂದಿ ಶೌಚಾಲಯ ಇಲ್ಲ ಅಂತ ನೀರೇ ಕುಡಿಯಲ್ಲ, ಅದು ಅವರ ತಪ್ಪಲ್ಲ. ಯಾರು ಎಲ್ಲಿ ನಿಲ್ಲಬೇಕು ಅಂತ ಪಾಯಿಂಟ್ ಹಾಕುವ ಅಧಿಕಾರಿಗಳು ಹತ್ತಿರದ ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ, ಎರಡು ಗಂಟೆಗೊಮ್ಮೆ ಬದಲಿಯವರನ್ನು ಕಳಿಸಿ.

ಅಗ್ನಿಶಾಮಕದವರ ಕಷ್ಟವೇ ಬೇರೆ. ಠಾಣೆಯಲ್ಲಿ ಗಂಟೆಗಟ್ಟಲೆ ಕೂತಿದ್ದು, ಕರೆ ಬಂದ ಕೂಡಲೇ ಭಾರದ ಪೈಪು ಹೊತ್ತು ಓಡಬೇಕು, ಹೃದಯಕ್ಕೆ ಅದು ದೊಡ್ಡ ಹೊಡೆತ. ದಿನಾ ಮೆಟ್ಟಿಲು ಹತ್ತಿ ಅಭ್ಯಾಸ ಇಟ್ಟುಕೊಳ್ಳಿ. ಎದೆ ಹಿಡಿದಂತಾದರೆ ಗ್ಯಾಸ್ ಅಂತ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.