ಎರಡು ದಿನದ ಹಂಪಿ: ಬಿಸಿಲು, ಹೊಳೆ ಮತ್ತು ಒಂದು ಟಿಕೆಟ್

ನಮ್ಮದು ಗಂಗಾವತಿ. ಹಂಪಿ ನಮಗೆ ಹೊಳೆಯಾಚೆಗಿನ ಊರು. ಹಾಗಾಗಿ ರಜೆ ಬಂತೆಂದರೆ ಮನೆಗೆ ನೆಂಟರು, ನೆಂಟರ ಬಾಯಲ್ಲಿ ಹಂಪಿ. ಹೋದ ದಸರೆಗೆ ದಾವಣಗೆರೆಯಿಂದ ಬಂದ ಮಾವ ನನ್ನ ಮಾತು ಕೇಳಲೇ ಇಲ್ಲ. ಅಕ್ಕನನ್ನೂ ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು, ತಿಂಡಿ ಮುಗಿಸಿ, ಹತ್ತು ಗಂಟೆಗೆ ಆರಾಮಾಗಿ ಹೊರಟರು. ಅಲ್ಲಿ ಇಲ್ಲಿ ನಿಂತು ವಿಠ್ಠಲ ಗುಡಿ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಸಣ್ಣವನು ಕಾದ ಹಾಸುಗಲ್ಲಿನ ಮೇಲೆ ಕೂತು ಅತ್ತನಂತೆ. ಸಂಜೆ ಮನೆಗೆ ಬಂದ ಮಾವ ಒಂದೇ ಮಾತು ಹೇಳಿದರು: "ಏನೈತೋ ಅಲ್ಲಿ? ಬರೇ ಕಲ್ಲು, ಬರೇ ಬಿಸಿಲು."

ಅವರು ಹೋದ ಹೊತ್ತೇ ತಪ್ಪು. ಇಂಥವರನ್ನು ವರ್ಷಕ್ಕೆ ನಾಲ್ಕು ಸಲ ನೋಡುತ್ತೇನೆ. ಆ ಬೇಜಾರಿಗೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ತಿಂಗಳು, ವಾರ

ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್-ಮೇ ತಿಂಗಳಲ್ಲಿ ಬರಬೇಡಿ. ಸೂರ್ಯ ಮುಳುಗಿದ ಮೇಲೂ ಬಂಡೆಗಳು ಕಾವು ಬಿಡುತ್ತಲೇ ಇರುತ್ತವೆ.

ವಾರದ ಲೆಕ್ಕವೂ ಇದೆ. ಕಮಲಾಪುರದ ಮ್ಯೂಸಿಯಂಗೆ ಶುಕ್ರವಾರ ರಜೆ. ಶನಿವಾರ ಆನೆಗುಂದಿ ಹತ್ತಿರದ ಅಂಜನಾದ್ರಿ ಬೆಟ್ಟದಲ್ಲಿ ಹನುಮಪ್ಪನ ಭಕ್ತರ ಸಾಲು. ವಾರಾಂತ್ಯ ಬಿಟ್ಟರೆ ಬಿಡುವೇ ಇಲ್ಲ ಅನ್ನುವವರು ಶನಿವಾರ ಹಂಪಿ, ಭಾನುವಾರ ಆನೆಗುಂದಿ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಹನುಮಮಾಲೆ ವಿಸರ್ಜನೆಯ ದಿನ, ಅಂದರೆ ಭಕ್ತರು ವ್ರತದ ಮಾಲೆಯನ್ನು ಅಂಜನಾದ್ರಿಯಲ್ಲಿ ತೆಗೆಯುವ ದಿನ, ಆನೆಗುಂದಿ ಕಡೆ ತಲೆ ಹಾಕಬೇಡಿ. ಮಾಲೆ ಹಾಕಿದ್ದರೆ ಬೇರೆ ಮಾತು.

ಹಂತ 2: ಹೊಳೆಯನ್ನು ಗಡಿ ಮಾಡಿಕೊಳ್ಳಿ

ಹಂಪಿಯನ್ನು ಜನ ಒಂದು ಗುಡಿ ಅಂದುಕೊಂಡು ಬರುತ್ತಾರೆ. ಇದು ಒಂದು ಇಡೀ ರಾಜಧಾನಿ. 1336ರಲ್ಲಿ ಶುರುವಾಗಿ 1565ರ ತಾಳಿಕೋಟೆ ಕದನದ ನಂತರ ಹಾಳಾದ ಊರು. 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗವೇ 40 ಚದರ ಕಿಲೋಮೀಟರಿಗಿಂತ ಜಾಸ್ತಿ. ನಡುವೆ ತುಂಗಭದ್ರೆ. ದಕ್ಷಿಣ ದಂಡೆಯ ಹಂಪಿ, ಕಮಲಾಪುರ ವಿಜಯನಗರ ಜಿಲ್ಲೆಯವು. ಉತ್ತರ ದಂಡೆಯ ಆನೆಗುಂದಿ, ಅಂಜನಾದ್ರಿ ನಮ್ಮ ಕೊಪ್ಪಳ ಜಿಲ್ಲೆಯವು.

ಒಂದು ದಿನಕ್ಕೆ ಒಂದು ದಂಡೆ. ಒಂದೇ ದಿನ ಎರಡು ಸಲ ಹೊಳೆ ದಾಟುವ ಪ್ಲಾನ್ ಯಾರಾದರೂ ಕೊಟ್ಟರೆ ಅವರು ಹಂಪಿಗೆ ಬಂದಿಲ್ಲ ಅಂತಲೇ ತಿಳಿಯಿರಿ.

ಹಂತ 3: ಉಳಿಯುವುದು

ಮೊದಲ ರಾತ್ರಿ ಕಮಲಾಪುರ ಅಥವಾ ಹೊಸಪೇಟೆ. ಬೆಂಗಳೂರಿನಿಂದ ಬರುವವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿ ಸುಮಾರು 13 ಕಿ.ಮೀ., ಬಸ್ಸು ಬೇಕಾದಷ್ಟಿವೆ. ಆದರೆ ನಾನು ಹೇಳುವ ಮೊದಲ ದಿನ ಕತ್ತಲಿರುವಾಗಲೇ ಶುರುವಾಗುತ್ತದೆ. ಹಿಂದಿನ ದಿನವೇ ಬಂದು ಮಲಗಿದರೆ ಒಳ್ಳೆಯದು.

ಹಂತ 4: ಮೊದಲ ದಿನ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ನಿಧಾನಕ್ಕೆ ಹೇಳುತ್ತೇನೆ.

ಆರು ಗಂಟೆಗೆಲ್ಲ ಹೇಮಕೂಟದ ಮೇಲಿರಿ. ಹತ್ತಿ ಸುಸ್ತಾಗುವ ಗುಡ್ಡವಲ್ಲ, ಬಂಡೆಯ ಇಳಿಜಾರು ಅಷ್ಟೇ. ಸಂಜೆ ಇಲ್ಲಿ ಜಾತ್ರೆ. ಬೆಳಿಗ್ಗೆ ನೀವು, ನಾಲ್ಕು ಮಂಗ. ಮಾತಂಗ ಬೆಟ್ಟದ ಸೂರ್ಯೋದಯ ಚೆನ್ನಾಗಿರುತ್ತದೆ, ನಿಜ. ಆದರೆ ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಕತ್ತಲಲ್ಲಿ ಆ ಮೆಟ್ಟಿಲು ಬೇಡ. ಒಬ್ಬರೇ ಇದ್ದರಂತೂ ಬೇಡವೇ ಬೇಡ.

ಅಲ್ಲಿಂದ ಕೆಳಗಿಳಿದರೆ ವಿರೂಪಾಕ್ಷ. ಚಪ್ಪಲಿ ಬಿಟ್ಟರೂ ಈ ಹೊತ್ತಿಗೆ ಕಲ್ಲು ತಣ್ಣಗಿರುತ್ತದೆ. ಹಿಂಬದಿಯ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಜನ ಬಂದು, ನೋಡಿ, "ಹೌದಲ್ಲ" ಅಂದು ಹೋಗುತ್ತಾರೆ. ಹಾಗೆ ಮಾಡಬೇಡಿ. ಬಿಳಿ ಕರ್ಚೀಫು ಇದ್ದರೆ ಬೆಳಕು ಬರುವ ಕಿಂಡಿಗೂ ಗೋಡೆಗೂ ನಡುವೆ ಅಡ್ಡ ಹಿಡಿಯಿರಿ. ಗೋಪುರ ಬಟ್ಟೆಯ ಮೇಲೆ ಬರುತ್ತದೆ. ಕಿಂಡಿ ಕಡೆ ಸರಿಸಿದಷ್ಟೂ ಚಿಕ್ಕದಾಗಿ, ಜಾಸ್ತಿ ಬೆಳಗುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಇಲ್ಲ.

ಇನ್ನು ಮುಖ್ಯವಾದದ್ದು. ವಿರೂಪಾಕ್ಷದಿಂದ ವಿಠ್ಠಲ ಗುಡಿಗೆ ಹೋಗುವುದು ಹೇಗೆ? ಎಲ್ಲರೂ ಕಾರು ಹತ್ತಿ, ಕಮಲಾಪುರ ಸುತ್ತಿ, ಗೆಜ್ಜಲ ಮಂಟಪದ ಹತ್ತಿರ ಗಾಡಿ ನಿಲ್ಲಿಸಿ, ಅಲ್ಲಿಂದ ಒಂದು ಕಿ.ಮೀ. ದೂರಕ್ಕೆ ಬ್ಯಾಟರಿ ಗಾಡಿಯ ಸಾಲಿನಲ್ಲಿ ನಿಲ್ಲುತ್ತಾರೆ. ರಜೆಯ ದಿನ ಆ ಸಾಲಿನಲ್ಲೇ ಅರ್ಧ ಬೆಳಗು ಹೋಗುತ್ತದೆ. ನೀವು ಹಾಗೆ ಮಾಡಬೇಡಿ. ಡ್ರೈವರ್‌ ಕೈಗೆ ಗಾಡಿ ಕೊಟ್ಟು "ಗೆಜ್ಜಲ ಮಂಟಪಕ್ಕೆ ಬಂದಿರಪ್ಪಾ, ನಾವು ಹನ್ನೊಂದಕ್ಕೆ ಸಿಗ್ತೀವಿ" ಅಂತ ಹೇಳಿ. ಇಡ್ಲಿ ತಿಂದು, ಹೊಳೆ ದಂಡೆ ಹಿಡಿದು ನಡೆಯಿರಿ. ಎರಡು ಕಿ.ಮೀ. ಅಷ್ಟೇ. ಕೋದಂಡರಾಮ, ಚಕ್ರತೀರ್ಥ, ಸುಗ್ರೀವನ ಗುಹೆ ಎಲ್ಲ ಇದೇ ದಾರಿಯಲ್ಲಿ ಸಿಗುತ್ತವೆ. ಗುಡಿ ಹತ್ತಿರ ಬಂತು ಅನ್ನುವಾಗ ಎರಡು ಕಲ್ಲುಕಂಬ, ಮೇಲೊಂದು ಅಡ್ಡ ತೊಲೆ ಕಾಣುತ್ತದೆ. ಅದು ಅರಸರ ತುಲಾಭಾರದ ತಕ್ಕಡಿ. ತೊಲೆಯ ಕೆಳಗೆ ತಕ್ಕಡಿ ನೇತುಹಾಕಲು ಕೊರೆದ ಮೂರು ಬಳೆ ಇವೆ. ತಲೆ ಎತ್ತದಿದ್ದರೆ ಬಾಗಿಲ ಚೌಕಟ್ಟು ಅಂದುಕೊಂಡು ದಾಟಿಬಿಡುತ್ತೀರಿ.

ಒಂದು ಎಚ್ಚರಿಕೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಪುರಂದರ ಮಂಟಪವೇ ಮುಳುಗುತ್ತದೆ, ಆಗ ದಂಡೆಯ ದಾರಿ ಮರೆತುಬಿಡಿ. ನೀರು ಕಡಿಮೆ ಇದ್ದಾಗಲೂ ಚಕ್ರತೀರ್ಥದಲ್ಲಿ ಇಳಿಯಬೇಡಿ. ಅಲ್ಲಿ ಸುಳಿ ಇದೆ.

ವಿಠ್ಠಲ ಗುಡಿಯ ಬಾಗಿಲು ಎಂಟೂವರೆ ಸುಮಾರಿಗೆ ತೆರೆಯುತ್ತದೆ. ಒಂಬತ್ತಕ್ಕೆ ನೀವು ಒಳಗಿದ್ದರೆ ಓರೆ ಬಿಸಿಲು ಕೆತ್ತನೆಗಳ ಮೇಲೆ ಬೀಳುತ್ತಿರುತ್ತದೆ. ಕಲ್ಲಿನ ರಥದ ಮುಂದೆ ಎಲ್ಲರೂ 50 ರೂಪಾಯಿ ನೋಟು ಹಿಡಿದು ಫೋಟೊ ತೆಗೆಯುತ್ತಾರೆ. ತೆಗೆಯಿರಿ, ಬೇಡ ಅನ್ನುವುದಿಲ್ಲ. ಆಮೇಲೆ ರಥ ಎಳೆಯುವ ಆನೆಗಳ ಹಿಂದೆ ಬಗ್ಗಿ ನೋಡಿ. ಕುದುರೆಯ ಬಾಲ, ಹಿಂಗಾಲು ಕಾಣುತ್ತವೆ. ಮೊದಲು ಇದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ತಂದು ನಿಲ್ಲಿಸಿದ್ದು. ರಥದ ಮೇಲೆ ಇಟ್ಟಿಗೆಯ ಶಿಖರವೂ ಇತ್ತು. 1856ರ ಫೋಟೊಗಳಲ್ಲಿ ಅದು ಕಾಣುತ್ತದೆ, ಈಗಿಲ್ಲ. ಸಂಗೀತ ಕಂಬಗಳನ್ನು ಮುಟ್ಟಲು ಬಿಡುವುದಿಲ್ಲ. "ನಾನು ಬಾರಿಸಿ ತೋರಿಸ್ತೀನಿ ಸರ್" ಅಂತ ಯಾರಾದರೂ ಪಿಸುಗುಟ್ಟಿದರೆ ಬೇಡ ಅನ್ನಿ.

ಹತ್ತೂವರೆಗೆ ಹೊರಬಂದು ಬ್ಯಾಟರಿ ಗಾಡಿ ಹತ್ತಿ. ಆ ಹೊತ್ತಿಗೆ ಒಳಗೆ ಬರುವವರ ಸಾಲು ದೊಡ್ಡದಿರುತ್ತದೆ, ಹೊರಗೆ ಹೋಗುವವರದು ಖಾಲಿ. ಅದೇ ನಮ್ಮ ಲಾಭ.

ಈಗ ಟಿಕೆಟ್ಟಿನ ವಿಷಯ. ವಿಠ್ಠಲ ಗುಡಿ, ಕಮಲ ಮಹಲ್ ಇರುವ ಜನಾನಾ ಆವರಣ, ಕಮಲಾಪುರದ ಮ್ಯೂಸಿಯಂ, ಮೂರಕ್ಕೂ ಸೇರಿ ಒಂದೇ ಟಿಕೆಟ್. ನಮ್ಮವರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಆದರೆ ಅದು ಆ ದಿನಕ್ಕೆ ಮಾತ್ರ. ಸಂಜೆ ನಾಲ್ಕೂವರೆಗೆ ವಿಠ್ಠಲದಲ್ಲಿ ಕೊಂಡು, "ಕಮಲ ಮಹಲ್ ನಾಳೆ" ಅಂದರೆ ನಾಳೆ ಮತ್ತೆ ದುಡ್ಡು ಕೊಡಬೇಕು. ಇನ್ನು ಕೆಲವರು ಗೇಟು ದಾಟಿದ ಕೂಡಲೇ ಚೀಟಿ ಎಸೆಯುತ್ತಾರೆ. ಮಾವನ ಟಿಕೆಟ್ಟನ್ನು ಸಣ್ಣವನು ದೋಣಿ ಮಾಡಿ ಪುಷ್ಕರಣಿಗೆ ಬಿಟ್ಟಿದ್ದ.

ಹನ್ನೊಂದೂವರೆಯಿಂದ ಮೂರೂವರೆವರೆಗೆ ಹಂಪಿಯಲ್ಲಿ ಬಯಲಿನಲ್ಲಿ ನಿಲ್ಲಬಾರದು. ಮ್ಯೂಸಿಯಂಗೆ ಹೋಗಿ. ಅಂಗಳದಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಮಾಡಿಟ್ಟಿದ್ದಾರೆ. ಗುಡ್ಡ, ಹೊಳೆ, ಗುಡಿ ಎಲ್ಲ ಇವೆ. ಬೆಳಿಗ್ಗೆ ನಡೆದ ದಾರಿಯನ್ನು ಬೆರಳಿನಲ್ಲಿ ಗುರುತಿಸಿದಾಗಲೇ ಊರು ಎಷ್ಟು ದೊಡ್ಡದು ಅಂತ ತಲೆಗೆ ಹೋಗುವುದು. ಆಮೇಲೆ ಊಟ, ಒಂದು ತಾಸು ನಿದ್ದೆ. ನಿದ್ದೆಯನ್ನು ತಮಾಷೆಗೆ ಹೇಳುತ್ತಿಲ್ಲ. ಪ್ಲಾನಿನಲ್ಲಿ ಬರೆದುಕೊಳ್ಳಿ.

ಮೂರೂವರೆಗೆ ನೇರ ಜನಾನಾ ಆವರಣ. ಟಿಕೆಟ್ ಇರುವ ಜಾಗ ಮೊದಲು ಮುಗಿಸಿ, ಅದು ಬೇಗ ಮುಚ್ಚುತ್ತದೆ. ಕಮಲ ಮಹಲ್, 11 ಕೋಣೆಯ ಗಜಶಾಲೆ. ಅಲ್ಲಿಂದ ಹಜಾರರಾಮ, ಮಹಾನವಮಿ ದಿಬ್ಬ. ದಿಬ್ಬದ ಹತ್ತಿರದ ಮೆಟ್ಟಿಲ ಪುಷ್ಕರಣಿ 1980ರ ದಶಕದ ಅಗೆತದಲ್ಲಿ ಸಿಕ್ಕಿದ್ದು. ಕಂಬಿ ಹಿಂದೆ ನಿಂತು ಕಪ್ಪು ಕಲ್ಲುಗಳನ್ನು ಕಣ್ಣು ಕಿರಿದು ಮಾಡಿ ನೋಡಿ. ಅಂಚಿನಲ್ಲಿ ಗೀಟು, ಅಕ್ಷರ ಕೆತ್ತಿರುವುದು ಕಾಣುತ್ತದೆ. ಯಾವ ಕಲ್ಲು ಎಲ್ಲಿ ಕೂರಬೇಕು ಅಂತ ಕಲ್ಲುಕುಟಿಗರು ಹಾಕಿಕೊಂಡ ಗುರುತು. ನಮ್ಮೂರ ಬಡಗಿ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾನಲ್ಲ, ಹಾಗೇ.

ಬೆಳಕಿದ್ದರೆ ವಾಪಸ್ ಬರುವಾಗ ನರಸಿಂಹ. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ್ದು, ಎತ್ತರ 6.7 ಮೀಟರ್. ಉಗ್ರ ನರಸಿಂಹ ಅಂತ ಎಲ್ಲರೂ ಕರೆಯುತ್ತಾರೆ. ಅಸಲಿಗೆ ಅದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದು ಹೋಗಿದ್ದಾಳೆ, ಅವನ ಬೆನ್ನನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ.

ಹಂತ 5: ಹೊಳೆ ದಾಟುವುದು

ಫೋನಿನ ಮ್ಯಾಪ್ ನೋಡಿದರೆ ವಿಠ್ಠಲ ಗುಡಿಯಿಂದ ಆನೆಗುಂದಿ ಕೂಗಿದರೆ ಕೇಳುವಷ್ಟು ಹತ್ತಿರ. ನಡುವೆ ಹೊಳೆ ಇದೆಯಲ್ಲ! ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿಯಿತು. ಈಗ ಗಾಡಿಗೆ ದಾರಿ ಬುಕ್ಕಸಾಗರ-ಕಡೇಬಾಗಿಲು ಸೇತುವೆ. ಸುತ್ತು ಅನ್ನಿಸಿದರೂ ಅದೇ ಗ್ಯಾರಂಟಿ.

ತೆಪ್ಪದಲ್ಲೂ ದಾಟಬಹುದು. ಹೊಳೆ ಶಾಂತವಾಗಿದ್ದರೆ ಅದರ ಮಜಾನೇ ಬೇರೆ. ಆದರೆ ಮೂರು ಮಾತು. ಹತ್ತುವ ಮುಂಚೆ ದುಡ್ಡು ಮಾತಾಡಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಕೊನೆಯ ತೆಪ್ಪ ಎಷ್ಟು ಹೊತ್ತಿಗೆ ಅಂತ ಅಂಬಿಗರನ್ನೇ ಕೇಳಿ, ಹೋಟೆಲಿನವರನ್ನು ಕೇಳಬೇಡಿ. ಒಮ್ಮೆ ಲಾಡ್ಜಿನವರೊಬ್ಬರು "ಏಳಕ್ಕೂ ಸಿಗ್ತದ್ರೀ" ಅಂದರು ಅಂತ ನಂಬಿ, ನಾನು, ಗೆಳೆಯ ಆರೂವರೆಗೆ ದಂಡೆಗೆ ಬಂದೆವು. ತೆಪ್ಪಗಳೆಲ್ಲ ಮರಳಿನ ಮೇಲೆ ಬೋರಲು ಬಿದ್ದಿದ್ದವು. ಎದುರು ದಂಡೆಯಲ್ಲಿ ನಮ್ಮ ಬೈಕು ಕಾಣುತ್ತಿತ್ತು! ಆಟೊದವನು ಕೇಳಿದಷ್ಟು ಕೊಟ್ಟು ಸುತ್ತು ಹಾಕಿಕೊಂಡು ಹೋದೆವು. ಮಳೆಗಾಲದಲ್ಲಿ ಅಣೆಕಟ್ಟಿನ ಗೇಟು ತೆರೆದರೆ ತೆಪ್ಪವೇ ಬಂದ್.

ಹಂತ 6: ಎರಡನೇ ದಿನ

ಅಂಜನಾದ್ರಿಯ 575 ಮೆಟ್ಟಿಲು ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಕೈಯಲ್ಲಿ ಬಾಳೆಹಣ್ಣಿನ ಚೀಲ ಬೇಡ, ಮಂಗಗಳು ಕಸಿಯುತ್ತವೆ. ಪಂಪಾಸರೋವರ, ಆಮೇಲೆ ಆನೆಗುಂದಿ ಊರೊಳಗೆ ಸುಮ್ನೆ ಒಂದು ಸುತ್ತು: ಗಗನ ಮಹಲ್, ರಂಗನಾಥ ಗುಡಿ. ನಡುಗಡ್ಡೆಯ ನವಬೃಂದಾವನಕ್ಕೆ ತೆಪ್ಪ ಬೇಕು. ವ್ಯಾಸರಾಯರೂ ಸೇರಿ ಒಂಬತ್ತು ಯತಿಗಳ ಬೃಂದಾವನ ಅಲ್ಲಿದೆ.

ಗುಡಿ ನೋಡಿ ಸಾಕಾದವರು ಅಂಜನಾದ್ರಿ ಬಿಟ್ಟು ಹಿರೇಬೆಣಕಲ್‌ಗೆ ಹೋಗಿ. ನನ್ನನ್ನು ಕೇಳಿದರೆ ಅದೇ ಮೊದಲು. ವಿಜಯನಗರಕ್ಕಿಂತ ಸಾವಿರಾರು ವರ್ಷ ಹಳೆಯ ಕಲ್ಲುಗೋರಿಗಳು, ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಪುಟ್ಟ ಮನೆಗಳ ಹಾಗೆ. ಜನ ಮೋರ್ಯರ ಗುಡ್ಡ ಅನ್ನುತ್ತಾರೆ. ಬಡಿದರೆ ನಗಾರಿಯಂತೆ ಸದ್ದು ಮಾಡುವ ಗುಂಡುಕಲ್ಲೂ ಇದೆ. ಅಲ್ಲಿ ಅಂಗಡಿ ಇಲ್ಲ, ನೆರಳಿಲ್ಲ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹತ್ತಿ, ತಲೆಗೆ ಎರಡು ಲೀಟರ್ ನೀರು.

ಹಂತ 7: ಚೀಲದಲ್ಲಿ

ಹತ್ತಿಯ ಟವೆಲ್, ನೀರು, ದಪ್ಪ ಕಾಲುಚೀಲ. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯುವಾಗ ಕಾಲುಚೀಲದ ಬೆಲೆ ಗೊತ್ತಾಗುತ್ತದೆ. ಪಾರ್ಕಿಂಗ್ ಹತ್ತಿರ "ಒರಿಜಿನಲ್ ಕಲ್ಲು" ಅಂತ ಮಾರುವ ಪುಟ್ಟ ರಥ ಕೊಳ್ಳಬೇಡಿ. ನಮ್ಮ ಮನೆಯಲ್ಲಿರುವುದು ಒದ್ದೆ ಬಟ್ಟೆಯಲ್ಲಿ ಒರೆಸಿದ ದಿನವೇ ಬಣ್ಣ ಬಿಟ್ಟಿತು. ನೆನಪಿಗೆ ಏನಾದರೂ ಬೇಕೆಂದರೆ ಆನೆಗುಂದಿಯಲ್ಲಿ ಹೆಣ್ಣುಮಕ್ಕಳು ಹೆಣೆದ ಬಾಳೆನಾರಿನ ಚೀಲ, ಬುಟ್ಟಿ ತೆಗೆದುಕೊಳ್ಳಿ. ನಮ್ಮವ್ವ ಐದು ವರ್ಷದಿಂದ ಒಂದರಲ್ಲೇ ಈರುಳ್ಳಿ ಇಡುತ್ತಿದ್ದಾಳೆ.

ಹಂತ 8: ವಾಪಸ್

ಗಂಗಾವತಿಗೆ ಬಂದರೆ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನದೆ ಹೋಗಬೇಡಿ. ಹೊಸಪೇಟೆಯಲ್ಲಿ ರೈಲು ಹಿಡಿಯುವವರು ಮಾತ್ರ ಎರಡು ತಾಸು ಮುಂಚೆ ಹೊರಡಿ. ನವೆಂಬರ್-ಡಿಸೆಂಬರ್ ನಮ್ಮಲ್ಲಿ ಭತ್ತದ ಸುಗ್ಗಿ. ತುಂಬಿದ ಟ್ರ್ಯಾಕ್ಟರ್ ಮುಂದೆ ಸಿಕ್ಕಿತೆಂದರೆ ಎಷ್ಟು ಹಾರ್ನ್ ಹೊಡೆದರೂ ಅದು ದಾರಿ ಬಿಡುವುದು ಊರು ದಾಟಿದ ಮೇಲೇ.